ಊಟವಿಲ್ಲದಿದ್ದರೆ ಇನ್ಸುಲಿನ್ ಸುಮ್ಮನಿರುತ್ತದೆಯೇ?

ಶಿವರಾತ್ರಿಯ ಹಿಂದಿನ ದಿನ. ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಮ್ಮ ಕಾಲೇಜಿನ ಪ್ರಶಿಕ್ಷಣಾರ್ಥಿಯೊಬ್ಬರ ಪಾಠ ವೀಕ್ಷಣೆಗೆ ಹೋಗಿದ್ದೆ. ಹತ್ತನೆಯ ತರಗತಿ, ಹಾರ್ಮೋನುಗಳ ಪಾಠ. ಪೀಠಿಕೆ ಚೆನ್ನಾಗಿತ್ತು. ಬೆಳಿಗ್ಗೆ ಯಾರು ಏನು ತಿಂದು ಬಂದಿರಿ ಎಂದು ಕೇಳಿದರು. ಮುದ್ದೆ, ಚಿತ್ರಾನ್ನ, ಶಾಲೆಯಲ್ಲಿ ಕೊಟ್ಟ ರಾಗಿ ಮಾಲ್ಟ್, 'ಏನೂ ಇಲ್ಲ ಮಿಸ್' ಎಲ್ಲವೂ ಬಂತು. ಅಲ್ಲಿಂದ ಗ್ಲೂಕೋಸ್, ಗ್ಲೂಕೋಸಿನಿಂದ ಇನ್ಸುಲಿನ್. ಕಪ್ಪುಹಲಗೆಯ ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದರು: 'ಇನ್ಸುಲಿನ್ ಹೆಚ್ಚುವರಿ ಗ್ಲೂಕೋಸನ್ನು ಗ್ಲೈಕೋಜನ್ ಆಗಿ ಪರಿವರ್ತಿಸುತ್ತದೆ.' ಮಕ್ಕಳು ಬರೆದುಕೊಂಡರು. ನಾನೂ ತಲೆಯಾಡಿಸಿದೆ. ಇಪ್ಪತ್ತು ವರ್ಷಗಳಿಂದ ಕೇಳಿಕೊಂಡು ಬಂದ ವಾಕ್ಯ.

ಮೂರನೆಯ ಬೆಂಚಿನ ಹುಡುಗಿ ಎದ್ದಳು. "ಮಿಸ್, ನಮ್ಮಜ್ಜಿ ದಿನಾ ಇನ್ಸುಲಿನ್ ಸೂಜಿ ಹಾಕ್ಕೊಂತಾರೆ. ನಾಳೆ ಹಬ್ಬ, ಉಪವಾಸ. ಊಟಾನೇ ಮಾಡ್ದಿದ್ರೆ ಹೆಚ್ಚುವರಿ ಗ್ಲೂಕೋಸ್ ಇರಲ್ವಲ್ಲ, ಆಗ ಇನ್ಸುಲಿನ್‌ಗೆ ಕೆಲ್ಸ ಇಲ್ದೆ ಸುಮ್ನೆ ಇರ್ತದಾ?"

ಪ್ರಶಿಕ್ಷಣಾರ್ಥಿ ಒಂದು ಕ್ಷಣ ಯೋಚಿಸಿ, "ಹೌದಮ್ಮ, ಗ್ಲೂಕೋಸ್ ಇಲ್ಲದಿದ್ದರೆ ಅದಕ್ಕೆ ಕೆಲಸ ಇರುವುದಿಲ್ಲ, ಜಾಣೆ, ಕೂತುಕೋ" ಎಂದರು. ನಾನು ವೀಕ್ಷಣಾ ನಮೂನೆಯಲ್ಲಿ 'ವಿದ್ಯಾರ್ಥಿಯ ಪ್ರಶ್ನೆಗೆ ಉತ್ತಮ ಸ್ಪಂದನೆ' ಎಂದು ಬರೆದೆ. ವಿಷಯ ಪ್ರಭುತ್ವಕ್ಕೆ ಐದರಲ್ಲಿ ನಾಲ್ಕು ಅಂಕ ಕೊಟ್ಟೆ. ಎಲ್ಲರಿಗೂ ನಾವು ನಾಲ್ಕೇ ಕೊಡುವುದು, ಓದುಗರಿಗೆ ಗೊತ್ತು.

ನೆಲಮಂಗಲದ ಬಸ್ಸಿನಲ್ಲಿ ಕೂತು ಟಿಕೆಟ್ ತೆಗೆದುಕೊಂಡ ಮೇಲೆ ಎದೆ ಧಸಕ್ಕೆಂದಿತು. ಆ ಹುಡುಗಿಯ ತರ್ಕದಲ್ಲಿ ಒಂದು ತಪ್ಪೂ ಇರಲಿಲ್ಲ. ಹಲಗೆಯ ಮೇಲಿನ ವಾಕ್ಯ ನಿಜವಾಗಿದ್ದರೆ ಅವಳು ಹೇಳಿದ್ದೂ ನಿಜ. ಆದರೆ ಅವಳು ಹೇಳಿದ್ದು ನಿಜವಲ್ಲ. ಸೂಜಿ ಹಾಕಿಕೊಂಡು ಊಟ ಬಿಟ್ಟ ಸಕ್ಕರೆ ಕಾಯಿಲೆಯವರಿಗೆ ರಕ್ತದ ಸಕ್ಕರೆ ಅಪಾಯಕಾರಿ ಮಟ್ಟಕ್ಕೆ ಇಳಿಯಬಹುದು. ಬೆವರು, ನಡುಕ, ಮಂಕು, ಕೊನೆಗೆ ಪ್ರಜ್ಞೆ ತಪ್ಪುವುದು. ಹಾಗಾದರೆ ತಪ್ಪಿರುವುದು ಹಲಗೆಯ ಮೇಲಿನ ವಾಕ್ಯದಲ್ಲೇ.

ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿದೆ. ಅವರು ಹುಡುಗಿಯ ಮನೆಗೆ ಫೋನ್ ಮಾಡಿ ಹತ್ತು ನಿಮಿಷದಲ್ಲಿ ತಿರುಗಿ ಕರೆದರು, ನಗುತ್ತಿದ್ದರು. ಅಜ್ಜಿಯೇ ಮಾತಾಡಿದರಂತೆ: "ಡಾಕ್ಟ್ರು ಉಪವಾಸ ಬ್ಯಾಡ ಅಂದು ಎಷ್ಟೋ ವರ್ಷ ಆಯ್ತು ಸ್ವಾಮಿ. ನಾನು ಹೊತ್ತೊತ್ತಿಗೆ ಉಣ್ತೀನಿ. ಮಗೀಗೆ ಹಂಗಂತ ಹೇಳ್ಕೊಟ್ಟಿದ್ದು ಯಾರು?"

ಹೇಳಿಕೊಟ್ಟಿದ್ದು ನಾವು. ಈ ಲೇಖನ ಬರೆಯುತ್ತಿರುವುದು ಆ ಪ್ರಶ್ನೆಗೆ ಉತ್ತರವಾಗಿ.

ಹತ್ತನೆಯ ತರಗತಿಯ ಪಠ್ಯಪುಸ್ತಕ ಇನ್ಸುಲಿನ್ ರಕ್ತದ ಸಕ್ಕರೆ ಮಟ್ಟವನ್ನು ನಿಯಂತ್ರಿಸಲು ನೆರವಾಗುತ್ತದೆ ಎಂದಷ್ಟೇ ಹೇಳಿ ಎಚ್ಚರಿಕೆಯಿಂದ ನಿಲ್ಲುತ್ತದೆ. 'ಪರಿವರ್ತಿಸುತ್ತದೆ' ಎಂಬುದು ಗೈಡುಗಳಿಂದ, ನಮ್ಮ ಟಿಪ್ಪಣಿಗಳಿಂದ, ಒಂದು ಅಂಕದ ಪ್ರಶ್ನೆಗಳಿಂದ ಬಂದದ್ದು. ಇನ್ಸುಲಿನ್ ಒಂದು ಗ್ಲೂಕೋಸ್ ಅಣುವನ್ನೂ ಇನ್ನೊಂದಕ್ಕೆ ಜೋಡಿಸುವುದಿಲ್ಲ. ತನ್ನ ಕೆಲಸಕ್ಕಾಗಿ ಅದು ಯಕೃತ್ತಿನ ಜೀವಕೋಶದ ಒಳಗೆ ಹೋಗಬೇಕಾದ ಅಗತ್ಯವೂ ಇಲ್ಲ. ಕೋಶದ ಹೊರಪೊರೆಯಲ್ಲಿರುವ ಗ್ರಾಹಕ ಪ್ರೋಟೀನಿಗೆ ಅಂಟಿಕೊಂಡು ಸುದ್ದಿ ಮುಟ್ಟಿಸುತ್ತದೆ. ಸುದ್ದಿ ಕೇಳಿ ಕೆಲಸ ಮಾಡುವವರು ಒಳಗಿನ ಪ್ರೋಟೀನುಗಳು. ಆ ಸುದ್ದಿಯಲ್ಲಿ ಎರಡು ಮಾತುಗಳಿವೆ: 'ಕಟ್ಟಿರಿ' ಮತ್ತು 'ಬಿಡಿಸುವುದನ್ನು ನಿಲ್ಲಿಸಿ'. ನಾವು ಮೊದಲನೆಯದನ್ನು ಮಾತ್ರ ಕಲಿಸುತ್ತೇವೆ. ಅಜ್ಜಿಯ ಪ್ರಾಣಕ್ಕೆ ಸಂಬಂಧಿಸಿದ್ದು ಎರಡನೆಯದು.

ಲೆಕ್ಕ ನೋಡಿ. ವಯಸ್ಕರೊಬ್ಬರ ಇಡೀ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಗ್ಲೂಕೋಸ್ ಸುಮಾರು 4ರಿಂದ 5 ಗ್ರಾಂ, ಒಂದು ಚಹಾ ಚಮಚದಷ್ಟು. ಮಿದುಳೊಂದೇ ದಿನಕ್ಕೆ ಸುಮಾರು 120 ಗ್ರಾಂ ಬಳಸುತ್ತದೆ, ಅಂದರೆ ಗಂಟೆಗೆ 5 ಗ್ರಾಂ. ಊಟಗಳ ನಡುವೆ ಯಾರೂ ಆ ಚಮಚವನ್ನು ತುಂಬದಿದ್ದರೆ ಒಂದು ಗಂಟೆಯೂ ನಡೆಯುವುದಿಲ್ಲ. ತುಂಬುವುದು ಯಕೃತ್ತು. ಚೆನ್ನಾಗಿ ಉಂಡ ಮೇಲೆ ಅದರಲ್ಲಿ ಸುಮಾರು 100 ಗ್ರಾಂ ಗ್ಲೈಕೋಜನ್ ಇರುತ್ತದೆ. ರಾತ್ರಿಯಿಡೀ ಅದು ಸ್ವಲ್ಪಸ್ವಲ್ಪವಾಗಿ ಬಿಚ್ಚಿಕೊಡುತ್ತದೆ. ಒಂದು ದಿನ ಪೂರ್ತಿ ಉಪವಾಸವಿದ್ದರೆ ಬಹುಪಾಲು ಮುಗಿದು, ಯಕೃತ್ತು ಅಮೈನೋ ಆಮ್ಲ, ಲ್ಯಾಕ್ಟೇಟ್, ಗ್ಲಿಸರಾಲ್‌ಗಳಿಂದ ಹೊಸದಾಗಿ ಗ್ಲೂಕೋಸ್ ತಯಾರಿಸುವುದನ್ನೇ ಹೆಚ್ಚಾಗಿ ನೆಚ್ಚಬೇಕಾಗುತ್ತದೆ. ಊಟವಿಲ್ಲದ ಹೊತ್ತಿನಲ್ಲಿ ಸೂಜಿಯ ಇನ್ಸುಲಿನ್ ಈ ಎರಡೂ ದಾರಿಗಳಿಗೆ ತಡೆ ಹಾಕುತ್ತದೆ. ಜೊತೆಗೆ ಸ್ನಾಯುಗಳಿಗೂ ಕೊಬ್ಬಿನ ಅಂಗಾಂಶಕ್ಕೂ ಗ್ಲೂಕೋಸ್ ಎಳೆದುಕೊಳ್ಳಲು ಹೇಳುತ್ತದೆ. ತುಂಬುವ ಕೈ ನಿಂತಿತು, ತೆಗೆಯುವ ಕೈ ಜೋರಾಯಿತು. ಇದಕ್ಕೆ 'ಕೆಲಸವಿಲ್ಲದೆ ಸುಮ್ಮನಿರುವುದು' ಎನ್ನಲಾದೀತೇ?

(ಇಷ್ಟು ಓದಿ ತರಗತಿಯಲ್ಲಿ 'ಹಾಗಾದರೆ ಊಟ ಬಿಟ್ಟ ದಿನ ಸೂಜಿಯನ್ನೂ ಬಿಡಿ' ಎಂದು ಯಾರೂ ಹೇಳಬಾರದು. ಅದೂ ಅಷ್ಟೇ ಅಪಾಯ. ಕೆಲವರಿಗೆ ಊಟವಿರಲಿ ಬಿಡಲಿ ಸ್ವಲ್ಪ ಇನ್ಸುಲಿನ್ ಬೇಕೇ ಬೇಕು. ಎಷ್ಟು ಎಂಬುದು ವೈದ್ಯರ ಮಾತು. 'ಏನೂ ಆಗುವುದಿಲ್ಲ' ಎಂದು ಹೇಳದಿರುವುದು ನಮ್ಮ ಕೆಲಸ.)

ಒಳಗಿನ ಕೆಲಸಗಾರರ ಬಗ್ಗೆ ಪ್ರಶಿಕ್ಷಣಾರ್ಥಿಗಳಿಗೆ ಸ್ವಲ್ಪ ವಿವರವಾಗಿ ಹೇಳಬೇಕು. ಮಕ್ಕಳಿಗೆ ಹೇಳುವುದಕ್ಕಲ್ಲ, ಮಕ್ಕಳ ಪ್ರಶ್ನೆ ಬಂದಾಗ ಕಾಲ ಕೆಳಗೆ ನೆಲ ಇರಲಿ ಎಂದು.

ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ 1855ರಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಪ್ರಾಣಿಯ ಯಕೃತ್ತನ್ನು ಹೊರತೆಗೆದು, ಅದರ ರಕ್ತನಾಳಗಳಲ್ಲಿ ನೀರು ಹರಿಸಿ, ಸಕ್ಕರೆಯ ಗುರುತೂ ಉಳಿಯದಂತೆ ತೊಳೆದು ಇಟ್ಟರು. ಮಾರನೆಯ ದಿನ ನೋಡಿದರೆ ಅದೇ ಯಕೃತ್ತಿನಲ್ಲಿ ಮತ್ತೆ ಸಕ್ಕರೆ! ಒಳಗೆ ಯಾವುದೋ ದಾಸ್ತಾನು ಇದೆ, ಅದು ಸಕ್ಕರೆಯಾಗಿ ಬಿಚ್ಚಿಕೊಳ್ಳುತ್ತಿದೆ ಎಂದು ಗೊತ್ತಾಯಿತು. 1857ರಲ್ಲಿ ಆ ದಾಸ್ತಾನನ್ನೇ ಬೇರ್ಪಡಿಸಿದರು, ಅದು ಗ್ಲೈಕೋಜನ್. ಹಾರ್ಮೋನ್ ಎಂಬ ಪದವೇ ಹುಟ್ಟಿರದ ಕಾಲವದು. ಗ್ಲೈಕೋಜನ್ ಪಾಠವನ್ನು ಇನ್ಸುಲಿನ್‌ನಿಂದ ಶುರುಮಾಡದೆ ಈ ತೊಳೆದ ಯಕೃತ್ತಿನಿಂದ ಶುರುಮಾಡಿದರೆ ಅರ್ಧ ತಪ್ಪು ಅಲ್ಲೇ ತಪ್ಪುತ್ತದೆ ಎಂಬುದು ನನ್ನ ಅನುಭವ.

ಆಮೇಲಿನ ಕಥೆಯಲ್ಲಿ ನಮಗೆ ಸಮಾಧಾನ ಕೊಡುವ ಒಂದು ಸಂಗತಿಯಿದೆ. ಗ್ಲೈಕೋಜನ್ನನ್ನು ಬಿಡಿಸುವ ಪ್ರೋಟೀನ್ ಫಾಸ್ಫೊರಿಲೇಸ್. ಇದನ್ನು ಕಂಡುಹಿಡಿದವರು ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿ, 1947ರ ನೊಬೆಲ್ ಅವರಿಗೆ ಬಂತು. ಪ್ರನಾಳದಲ್ಲಿ ಈ ಕಿಣ್ವವನ್ನು ಹಿಂದುಮುಂದಾಗಿ ನಡೆಸಿದರೆ ಗ್ಲೈಕೋಜನ್ ಕಟ್ಟಲೂಬಹುದು. ಹಾಗಾಗಿ ದೇಹದಲ್ಲೂ ಕಟ್ಟುವವನು, ಬಿಡಿಸುವವನು ಒಬ್ಬನೇ ಎಂದು ವಿಜ್ಞಾನಿಗಳೇ ಬಹುಕಾಲ ನಂಬಿದ್ದರು. 1957ರಲ್ಲಿ ಅರ್ಜೆಂಟೀನಾದ ಲೂಯಿ ಲೆಲ್ವಾರ್ ಮತ್ತು ಸಂಗಡಿಗರು ಕಟ್ಟುವ ದಾರಿಯೇ ಬೇರೆ, ಅದರ ಕಿಣ್ವವೇ ಬೇರೆ ಎಂದು ತೋರಿಸಿದರು. ಆ ಕಿಣ್ವವೇ ಗ್ಲೈಕೋಜನ್ ಸಿಂಥೇಸ್. ಎರಡು ವರ್ಷದ ನಂತರ, ಸ್ವಲ್ಪ ದುಡಿದರೂ ಸ್ನಾಯು ಹಿಡಿದುಕೊಳ್ಳುವ ಮೆಕಾರ್ಡ್ಲ್ ಕಾಯಿಲೆಯವರ ಸ್ನಾಯುವಿನಲ್ಲಿ ಫಾಸ್ಫೊರಿಲೇಸ್ ಇಲ್ಲವೆಂದು ಗೊತ್ತಾಯಿತು. ಆದರೂ ಅಲ್ಲಿ ಗ್ಲೈಕೋಜನ್ ಬೇಕಾದಷ್ಟಕ್ಕಿಂತ ಹೆಚ್ಚೇ ಇತ್ತು. ಅದೇ ಕಟ್ಟುವ ಕಿಣ್ವವಾಗಿದ್ದರೆ ಅದಿಲ್ಲದೆ ಗ್ಲೈಕೋಜನ್ ಎಲ್ಲಿಂದ ಬರಬೇಕು? ದೊಡ್ಡವರೇ ಎರಡು ಬಾಗಿಲನ್ನು ಒಂದೆಂದು ತಿಳಿದಿದ್ದಾಗ ನಮ್ಮ ಗೈಡು ಬರೆದವರನ್ನು ಹೆಚ್ಚು ಬೈಯಲಾರೆ. ಆದರೆ 1957 ಕಳೆದು ಬಹಳ ವರ್ಷಗಳಾದವು.

ಎರಡು ಬಾಗಿಲು ಎಂದ ಮೇಲೆ ಎರಡೂ ಒಟ್ಟಿಗೆ ತೆರೆದಿರಬಾರದು. ಇದಕ್ಕೆ ಜೀವಕೋಶ ಮಾಡಿಕೊಂಡಿರುವ ಏರ್ಪಾಟು ನನಗೆ ಎಷ್ಟು ಸಲ ಓದಿದರೂ ಹೊಸದಾಗಿ ಕಾಣುತ್ತದೆ. ಫಾಸ್ಫೇಟ್ ಎಂಬ ಒಂದು ಸಣ್ಣ ಗುಂಪು. ಅದನ್ನು ಅಂಟಿಸಿದರೆ ಬಿಡಿಸುವ ಫಾಸ್ಫೊರಿಲೇಸ್ ಎಚ್ಚರವಾಗುತ್ತದೆ, ಕಟ್ಟುವ ಸಿಂಥೇಸ್ ಮಲಗುತ್ತದೆ. ತೆಗೆದುಹಾಕಿದರೆ ಸಿಂಥೇಸ್ ಎದ್ದು ಫಾಸ್ಫೊರಿಲೇಸ್ ಮಲಗುತ್ತದೆ. ಒಂದೇ ಗುರುತು, ಎರಡು ಕಡೆ ಎರಡು ಅರ್ಥ. ಅಂಟಿಸುವ ಪ್ರೋಟೀನುಗಳಿಗೆ ಕೈನೇಸ್ ಎಂದೂ ತೆಗೆಯುವವಕ್ಕೆ ಫಾಸ್ಫಟೇಸ್ ಎಂದೂ ಹೆಸರು. ಹೀಗೆ ಅಂಟಿಸಿ ತೆಗೆದು ಪ್ರೋಟೀನನ್ನು ನಿಯಂತ್ರಿಸಬಹುದು ಎಂಬುದನ್ನು ಎಡ್ಮಂಡ್ ಫಿಶರ್ ಮತ್ತು ಎಡ್ವಿನ್ ಕ್ರೆಬ್ಸ್ ಇದೇ ಫಾಸ್ಫೊರಿಲೇಸಿನಲ್ಲಿ ಮೊದಲು ಕಂಡರು. 1992ರಲ್ಲಿ ಅವರಿಗೆ ನೊಬೆಲ್ ಬಂತು. ಹಸಿದಾಗ ಬರುವ ಗ್ಲುಕಗಾನ್ ಕೈನೇಸುಗಳ ಸಾಲನ್ನು ಎಬ್ಬಿಸುತ್ತದೆ. ಉಂಡಾಗ ಬರುವ ಇನ್ಸುಲಿನ್, ಸಿಂಥೇಸಿಗೆ ಫಾಸ್ಫೇಟ್ ಅಂಟಿಸುವ ಒಂದು ಕೈನೇಸಿನ (ಜಿಎಸ್‌ಕೆ-3) ಕೈ ಕಟ್ಟುತ್ತದೆ, ಫಾಸ್ಫಟೇಸಿನ ಕೈ ಮೇಲಾಗುವಂತೆ ಮಾಡುತ್ತದೆ.

ಯಕೃತ್ತು ಹಾರ್ಮೋನಿನ ಸುದ್ದಿಗಾಗಿಯೇ ಕಾದು ಕೂರುವುದೂ ಇಲ್ಲ. 1970ರ ದಶಕದಲ್ಲಿ ಬೆಲ್ಜಿಯಂನ ಹೆರ್ಸ್, ಸ್ಟಾಲ್ಮನ್ಸ್ ಮೊದಲಾದವರು ತೋರಿಸಿದ್ದು ಇದು: ಎಚ್ಚರವಾಗಿರುವ ಫಾಸ್ಫೊರಿಲೇಸ್ ತಾನೇ ಫಾಸ್ಫಟೇಸನ್ನು ತಡೆದು, ಸಿಂಥೇಸ್ ಏಳದಂತೆ ನೋಡಿಕೊಳ್ಳುತ್ತದೆ. ಉಂಡ ಮೇಲೆ ಗ್ಲೂಕೋಸ್ ಹೆಚ್ಚಾಗಿ ಬಂದು ಈ ಫಾಸ್ಫೊರಿಲೇಸಿನೊಳಗೇ ಕೂರುತ್ತದೆ, ಅದರ ಆಕಾರ ಬದಲಾಗುತ್ತದೆ, ಫಾಸ್ಫಟೇಸ್ ಅದರ ಫಾಸ್ಫೇಟನ್ನು ಕಿತ್ತುಹಾಕುತ್ತದೆ. ಬಿಡಿಸುವವನು ಮಲಗಿದ ಮೇಲೆ ಫಾಸ್ಫಟೇಸ್ ಬಿಡುವಾಗಿ ಸಿಂಥೇಸಿನ ಕಡೆ ತಿರುಗುತ್ತದೆ. ಮೊದಲು ಒಂದು ಬಾಗಿಲು ಮುಚ್ಚಿ, ಆಮೇಲೆ ಇನ್ನೊಂದು ತೆರೆಯುವುದು. ಇದರ ಜೊತೆಗೆ ಗ್ಲೂಕೋಸನ್ನು ಕೋಶದೊಳಗೆ ಹಿಡಿದಿಡುವ ಗ್ಲೂಕೋಕೈನೇಸ್ ಇದೆ. ಹಸಿದಾಗ ಅದನ್ನು ಇನ್ನೊಂದು ಪ್ರೋಟೀನ್ ಕೋಶಕೇಂದ್ರದಲ್ಲಿ ಕೂಡಿಹಾಕಿರುತ್ತದೆ, ಉಂಡಾಗ ಹೊರಬಿಡುತ್ತದೆ. ಅದು ತಯಾರಿಸುವ ಗ್ಲೂಕೋಸ್-6-ಫಾಸ್ಫೇಟ್ ಸಿಂಥೇಸನ್ನು ಇನ್ನಷ್ಟು ಹುರಿದುಂಬಿಸುತ್ತದೆ. ಹೊಸ ಗ್ಲೈಕೋಜನ್ ಕಣಕ್ಕೆ ಮೊದಲ ಕೆಲವು ಗ್ಲೂಕೋಸುಗಳನ್ನು ತನ್ನ ಮೈಗೇ ಅಂಟಿಸಿಕೊಂಡು ಬುನಾದಿಯಾಗುವ ಗ್ಲೈಕೋಜೆನಿನ್ ಎಂಬ ಪ್ರೋಟೀನೂ ಉಂಟು. ಇಷ್ಟು ಜನ ದುಡಿಯುವ ಮನೆಯಲ್ಲಿ ಬೀದಿಬಾಗಿಲಲ್ಲಿ ಕೂಗಿ ಹೋದ ಇನ್ಸುಲಿನ್ ಒಂದನ್ನೇ ಕರ್ತೃ ಮಾಡಿದ್ದೇವೆ.

ಸಹೋದ್ಯೋಗಿಗಳು ಇಲ್ಲಿ ತಕರಾರು ತೆಗೆಯುತ್ತಾರೆ. ಕಾಲೇಜಿನ ಸಭೆಯಲ್ಲಿ ತೆಗೆದದ್ದೂ ಆಯಿತು. ಇದು ಎಂಎಸ್‌ಸಿ ವಿಷಯ, ನಲವತ್ತು ನಿಮಿಷದ ಪಾಠದಲ್ಲಿ ಫಾಸ್ಫಟೇಸ್ ಎಂದರೆ ಮಕ್ಕಳು ಓಡಿಹೋಗುತ್ತಾರೆ, ಸರಳಗೊಳಿಸುವುದೇ ಶಿಕ್ಷಕನ ಕೆಲಸ ಎಂದು. ಸರಳಗೊಳಿಸಲಿ, ನನ್ನ ಅಭ್ಯಂತರವಿಲ್ಲ. ಸರಳ ವಾಕ್ಯದಿಂದ ಮಗು ಮುಂದಕ್ಕೆ ತರ್ಕ ಮಾಡಿದಾಗ ಎಲ್ಲಿಗೆ ತಲುಪುತ್ತದೆ ಎಂಬುದನ್ನು ನೋಡಿ ಸರಳಗೊಳಿಸಲಿ. 'ಯಕೃತ್ತಿನ ಜೀವಕೋಶಗಳು ಗ್ಲೂಕೋಸನ್ನು ಗ್ಲೈಕೋಜನ್ ಆಗಿ ಕಟ್ಟಿಡುತ್ತವೆ, ಬೇಕಾದಾಗ ಬಿಡಿಸಿಕೊಡುತ್ತವೆ. ಇನ್ಸುಲಿನ್ ಬಂದರೆ ಕಟ್ಟುವುದು ಹೆಚ್ಚುತ್ತದೆ, ಬಿಡಿಸುವುದು ನಿಲ್ಲುತ್ತದೆ.' ಇದರಲ್ಲಿ ಒಂದೂ ಹೊಸ ಪಾರಿಭಾಷಿಕ ಪದವಿಲ್ಲ. ಹಲಗೆಯ ಮೇಲೆ ಒಂದು ಸಾಲು ಹೆಚ್ಚು ಹಿಡಿಯುತ್ತದೆ, ಅಷ್ಟೇ. ಆ ಹುಡುಗಿ ಇದನ್ನು ಬರೆದುಕೊಂಡಿದ್ದರೆ ತನ್ನ ಪ್ರಶ್ನೆಗೆ ತಾನೇ ಉತ್ತರ ಕಂಡುಕೊಳ್ಳುತ್ತಿದ್ದಳು.

ಹೋಲಿಕೆಗಳ ಬಗ್ಗೆಯೂ ಒಂದು ಮಾತು. ನಮ್ಮ ಸೀಮೆಯ ಪ್ರಶಿಕ್ಷಣಾರ್ಥಿಗಳು ಗ್ಲೈಕೋಜನ್ನಿಗೆ ರಾಗಿಯ ಹಗೇವನ್ನು ಹೋಲಿಸುತ್ತಾರೆ. ಕೇಳಲು ಚೆಂದ. ಆದರೆ ಹಗೇವು ನೆಲದೊಳಗಿನದು, ವರ್ಷಗಟ್ಟಲೆ ಮುಚ್ಚಿಟ್ಟು ಬರಗಾಲಕ್ಕೆ ತೆಗೆಯುವುದು. ಅದು ದೇಹದ ಕೊಬ್ಬಿಗೆ ಸರಿ. ಗ್ಲೈಕೋಜನ್ ಎಂದರೆ ಅಡುಗೆಮನೆ ಮೂಲೆಯ ವಾಡೆ, ದಿನಾ ಕೈಹಾಕುವುದು, ದಿನಾ ತುಂಬುವುದು. ಈಗಿನ ಮಕ್ಕಳಿಗೆ ಹಗೇವೂ ಗೊತ್ತಿಲ್ಲ, ವಾಡೆಯೂ ಗೊತ್ತಿಲ್ಲ ಎನ್ನುವುದು ಬೇರೆ ಮಾತು. ಮೊಬೈಲ್ ಚಾರ್ಜ್ ಎಂದರೆ ಬೇಗ ತಲೆದೂಗುತ್ತಾರೆ.

ಹೋಲಿಕೆಗಿಂತ ಆಟ ಮೇಲು ಎಂದು ನನಗೆ ತಿಳಿದದ್ದು ಮುಂದಿನ ವಾರ, ದೇವನಹಳ್ಳಿ ತಾಲ್ಲೂಕಿನ ಇನ್ನೊಂದು ಶಾಲೆಯಲ್ಲಿ. ಇನ್ನೊಬ್ಬ ಪ್ರಶಿಕ್ಷಣಾರ್ಥಿ ಪಾಠಯೋಜನೆ ತೋರಿಸಲು ಬಂದಾಗ ಈ ಕಥೆಯನ್ನೆಲ್ಲ ಹೇಳಿದ್ದೆ. ಅವರು ಒಂದು ಪೊಟ್ಟಣ ಸ್ಟಿಕ್ಕರ್ ಬಿಂದಿ, ಒಂದಷ್ಟು ಕಾಗದದ ಕ್ಲಿಪ್ಪು ತಂದರು. ಒಬ್ಬಳು ಕ್ಲಿಪ್ಪುಗಳನ್ನು ಸರಪಳಿಯಾಗಿ ಕಟ್ಟುವವಳು, ಒಬ್ಬ ಬಿಡಿಸುವವನು. ಮೊದಲು ಬಿಂದಿ ಇಲ್ಲದೆ ಇಬ್ಬರನ್ನೂ ಒಟ್ಟಿಗೆ ಬಿಟ್ಟರು. ಒಂದು ಕಡೆಯಿಂದ ಕಟ್ಟುತ್ತಾಳೆ, ಇನ್ನೊಂದು ಕಡೆಯಿಂದ ಬಿಚ್ಚುತ್ತಾನೆ. ಎರಡು ನಿಮಿಷವಾದರೂ ಸರಪಳಿ ಬೆಳೆಯಲಿಲ್ಲ, ಇಬ್ಬರಿಗೂ ಕೈ ಸೋತಿತು. ಹಿಂದಿನ ಬೆಂಚಿನವನೊಬ್ಬ ಕೂಗಿದ, "ಸಾರ್, ಇಬ್ರೂ ದುಡಿದಿದ್ದೇ ಬಂತು, ಒಂದೂ ಉಳೀಲಿಲ್ಲ! ಒಬ್ರನ್ನ ಕೂರ್ಸಿ!" ಪಠ್ಯಗಳು 'ವ್ಯರ್ಥ ಚಕ್ರ' ಎಂದು ಕರೆಯುವುದನ್ನು ಅವನು ಹೆಸರಿಲ್ಲದೆ ಕಂಡಿದ್ದ. ಜೊತೆಗೆ ಪರಿಹಾರವನ್ನೂ ಹೇಳಿದ್ದ.

ಆಗ ಬಿಂದಿ ಬಂತು. ಹಣೆಗೆ ಬಿಂದಿ ಅಂಟಿಸಿದರೆ ಬಿಡಿಸುವವನು ಏಳಬೇಕು, ಕಟ್ಟುವವಳು ಕೂರಬೇಕು. ತೆಗೆದರೆ ತಿರುಗುಮುರುಗು. ಹುಡುಗನ ಹಣೆಗೆ ಬಿಂದಿ ಎಂದು ತರಗತಿಯೆಲ್ಲ ನಕ್ಕಿತು, ನಿಯಮ ಮಾತ್ರ ಯಾರಿಗೂ ಮರೆಯಲಿಲ್ಲ. ಅಂಟಿಸುವವರೊಬ್ಬರು, ತೆಗೆಯುವವರೊಬ್ಬರು ಬೇಕೆಂದು ಮಕ್ಕಳೇ ಕೇಳಿದರು. ಬಾಗಿಲಲ್ಲಿ ನಿಂತು 'ಇನ್ಸುಲಿನ್' ಎಂದು ಕೂಗುವುದಕ್ಕೆ ಒಬ್ಬಳನ್ನು ನಿಲ್ಲಿಸಿದರು. ಅವಳು ಒಳಗೆ ಬರುವ ಹಾಗಿಲ್ಲ, ಯಾವ ಕ್ಲಿಪ್ಪನ್ನೂ ಮುಟ್ಟುವ ಹಾಗಿಲ್ಲ. ಕೊನೆಗೆ ಪ್ರಶಿಕ್ಷಣಾರ್ಥಿ ಮೇಜಿನ ಮೇಲಿನ ಬಿಡಿ ಕ್ಲಿಪ್ಪುಗಳನ್ನೆಲ್ಲ ತೆಗೆದಿಟ್ಟು, "ಊಟ ಇಲ್ಲ. ಈಗ ಇನ್ಸುಲಿನ್ ಕೂಗಲಿ" ಎಂದರು. ಕಟ್ಟುವವಳು ಎದ್ದಳು, ಕಟ್ಟಲು ಏನೂ ಇರಲಿಲ್ಲ. ಬಿಡಿಸುವವನು ಕೂತುಬಿಟ್ಟ. ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು. "ಹಂಗಾದ್ರೆ ರಕ್ತಕ್ಕೆ ಯಾರು ಕೊಡ್ತಾರೆ ಸಾರ್?" ಎಂದು ಒಬ್ಬಳು ಕೇಳಿದಳು.

ಪಾಠ ಹದಿನೈದು ನಿಮಿಷ ಹೆಚ್ಚಾಯಿತು. ಮೌಲ್ಯಮಾಪನದ ಹಂತಕ್ಕೆ ಬರುವ ಹೊತ್ತಿಗೆ ಗಂಟೆ ಹೊಡೆಯಿತು, ಥೈರಾಕ್ಸಿನ್ ಉಳಿದೇಹೋಯಿತು. ನಮ್ಮ ನಮೂನೆಯ ಪ್ರಕಾರ 'ಸಮಯ ಪಾಲನೆ'ಯಲ್ಲಿ ಅಂಕ ಕಳೆಯಬೇಕು, ಕಳೆದೆ. 'ವಿಷಯ ಪ್ರಭುತ್ವ'ಕ್ಕೆ ಐದು ಕೊಟ್ಟೆ. ವರ್ಷಗಳ ನಂತರ ಕೊಟ್ಟ ಐದು.

ನಮ್ಮ ನಮೂನೆಯಲ್ಲಿ ಪೀಠಿಕೆ, ಪ್ರಶ್ನಾ ಕೌಶಲ, ಕಪ್ಪುಹಲಗೆ ಬಳಕೆ, ಬೋಧನೋಪಕರಣ ಎಲ್ಲಕ್ಕೂ ಕಾಲಂ ಇದೆ. ಮಗು ಕೇಳಿದ ಪ್ರಶ್ನೆಯನ್ನು ಅದರ ಮಾತಿನಲ್ಲೇ ಬರೆಯಲು ಜಾಗವಿಲ್ಲ. ನಾನು ಈಗ ಹಾಳೆಯ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ: ಪ್ರಶ್ನೆ, ಕೊಟ್ಟ ಉತ್ತರ, ಆ ಉತ್ತರವನ್ನು ನಂಬಿ ಮಗು ಮನೆಗೆ ಹೋಗಿ ಏನು ಮಾಡೀತು ಎಂಬ ನನ್ನ ಊಹೆ. ಪ್ರತಿಕ್ರಿಯೆ ಅವಧಿಯಲ್ಲಿ ಮೊದಲು ಓದುವುದು ಅದನ್ನೇ. ಮುಂದಿನ ತಂಡದ ಇಂಟರ್ನ್‌ಷಿಪ್ ಶುರುವಾಗುವ ಮೊದಲು ನಮೂನೆಯಲ್ಲೇ ಆ ಜಾಗ ಮಾಡಬೇಕೆಂದು ವಿಜ್ಞಾನ ಬೋಧನಾ ವಿಭಾಗದಲ್ಲಿ ಕೇಳಿದ್ದೇನೆ. ಬೇರೆ ವಿಷಯದವರೂ ಕೇಳಿದರೆ ಬೇಗ ಆದೀತು.

ದೊಡ್ಡಬಳ್ಳಾಪುರದ ಶಾಲೆಗೆ ಆ ಪ್ರಶಿಕ್ಷಣಾರ್ಥಿಯೂ ನಾನೂ ಹಬ್ಬ ಕಳೆದ ಮೇಲೆ ಹೋದೆವು. ಹಲಗೆಯ ಮೇಲೆ ಹಳೆಯ ವಾಕ್ಯವನ್ನು ಬರೆದು, ಅಡ್ಡಗೆರೆ ಹೊಡೆದು, ತಪ್ಪು ನಮ್ಮದು ಎಂದು ಅವರೇ ಹೇಳಿದರು. ನಾನು ನಮೂನೆಯಲ್ಲಿ ಬರೆದದ್ದನ್ನೂ ಹೇಳಿದೆ. ಮಕ್ಕಳು ಅಷ್ಟೇನೂ ಆಶ್ಚರ್ಯಪಡಲಿಲ್ಲ. ಮೂರನೆಯ ಬೆಂಚಿನ ಹುಡುಗಿಗೆ ಮಾತ್ರ ಬೇರೆ ಚಿಂತೆಯಿತ್ತು. "ಪರೀಕ್ಷೇಲಿ ಯಾವ್ದು ಬರೀಬೇಕು ಮಿಸ್, ಗೈಡಲ್ಲಿರೋದಾ, ಇದಾ?"

ಎರಡನೆಯದನ್ನೇ ಬರೆ ಎಂದೆವು. ಮೌಲ್ಯಮಾಪನಕ್ಕೆ ಹೋಗುವ ವಿಜ್ಞಾನ ಶಿಕ್ಷಕರಲ್ಲಿ ನನ್ನ ಕೋರಿಕೆಯೂ ಅದೇ. ಹಳೆಯ ವಾಕ್ಯ ಬರೆದ ಮಗುವಿನ ಅಂಕ ಕಳೆಯಬೇಡಿ, ಅದು ನಾವು ಕೊಟ್ಟದ್ದು. ಹೊಸದನ್ನು ಬರೆದ ಮಗುವಿನ ಉತ್ತರ ಕೀಲಿಯಲ್ಲಿರುವ ಉತ್ತರಕ್ಕೆ ಹೊಂದುವುದಿಲ್ಲವೆಂದು ಹೊಡೆದುಹಾಕಬೇಡಿ.